ಕೃತಿಸ್ವಾಮ್ಯ ಮತ್ತು ವರ್ತಕ ಧರ್ಮ

ತನ್ನ ಸರಕಿನ ಚೀಟಿಯನ್ನು ಬೇರೊಬ್ಬನು ಮುದ್ರಿಸಿ ಮಾರುತ್ತಿದ್ದಾನೆಂದು ತಿಳಿದಾಗ ಸುಮ್ಮನಿರುವ ವರ್ತಕನನ್ನು ಕಾಣುವುದು ದುರ್ಲಭ. ಬೀಡಿ, ಗೋಡಂಬಿ, ಹಪ್ಪಳ, ಉಪ್ಪಿನಕಾಯಿ, ಹೆಂಚು ಮೊದಲಾದ ಯಾವ ಉದ್ಯಮವೇ ಆಗಿರಲಿ, ವರ್ಷಾನುಗಟ್ಟಲೆ ದುಡಿದು ಗಳಿಸಿದ ಹೆಸರನ್ನು ಒಂದು ನಕಲಿ ಚೀಟಿಯು ಕೆಲವೇ ದಿನಗಳಲ್ಲಿ ಕೆಡಿಸಬಲ್ಲದು. ಅಂಥ ಸಂದರ್ಭದಲ್ಲಿ ನಾವು ವಕೀಲರನ್ನು ಕಾಣುತ್ತೇವೆ, ಪೊಲೀಸ್ ಠಾಣೆಗೆ ದೂರು ಕೊಡುತ್ತೇವೆ, ಸಂಘದ ಸಭೆಯಲ್ಲಿ ವಿಷಯವನ್ನು ಪ್ರಸ್ತಾಪಿಸುತ್ತೇವೆ. ಹೀಗೆ ಮಾಡುವುದು ಸರಿಯೇ ಆಗಿದೆ. ಆದರೆ ಅದೇ ಕಚೇರಿಯ ಗಣಕಯಂತ್ರದಲ್ಲಿರುವ ಲೆಕ್ಕಪತ್ರದ ತಂತ್ರಾಂಶವು ಪರವಾನಗಿಯಿಲ್ಲದ ನಕಲಾಗಿರಬಹುದು. ಅಂಗಡಿಯಲ್ಲಿ ದಿನವಿಡೀ ಕೇಳಿಬರುವ ಹಾಡುಗಳು ಯಾರಿಗೂ ಒಂದು ರೂಪಾಯಿ ಸಲ್ಲಿಸದೆ ತುಂಬಿಸಿಕೊಂಡವುಗಳಾಗಿರಬಹುದು. ಜಾಹೀರಾತಿನ ಫ್ಲೆಕ್ಸ್‌ನಲ್ಲಿ ರಾರಾಜಿಸುವ ಛಾಯಾಚಿತ್ರವು ಅಂತರ್ಜಾಲದಿಂದ ಕೇಳದೆ ತೆಗೆದುಕೊಂಡದ್ದಾಗಿರಬಹುದು. ನಮ್ಮ ಚೀಟಿಯನ್ನು ಕದ್ದವನಿಗೂ ನಮಗೂ ಇಲ್ಲಿ ತತ್ತ್ವತಃ ಏನು ಭೇದವಿದೆ ಎಂಬುದೇ ಪ್ರಸ್ತುತ ಲೇಖನದ ವಿಚಾರವಾಗಿದೆ.

ಹಿಂದೆ ಹಣ ಕೊಡುತ್ತಿದ್ದವರು ಯಾರು?

"ವಿದ್ಯೆಯನ್ನು ಮಾರಬಾರದು, ಕಲೆಯನ್ನು ಎಲ್ಲರಿಗೂ ಹಂಚಬೇಕು" ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಈ ಮಾತನ್ನು ಮುಂದಿಟ್ಟುಕೊಂಡು, ಹಾಡಿಗೋ ಪುಸ್ತಕಕ್ಕೋ ಹಣ ಕೇಳುವುದು ಪಾಶ್ಚಾತ್ಯ ಪದ್ಧತಿಯೆಂದು ವಾದಿಸುವವರಿದ್ದಾರೆ. ಆದರೆ ನಮ್ಮ ಪರಂಪರೆಯನ್ನು ಸೂಕ್ಷ್ಮವಾಗಿ ಅವಲೋಕಿಸಿದಲ್ಲಿ, ಕೃತಿಕಾರನು ಹಸಿದುಕೊಂಡೇ ಬರೆಯಬೇಕೆಂದು ಯಾರೂ ಹೇಳಿಲ್ಲವೆಂಬುದು ತಿಳಿದುಬರುತ್ತದೆ. 10ನೆಯ ಶತಮಾನದಲ್ಲಿ ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನನಿಗೆ ಚಾವುಂಡರಾಯನ ಮತ್ತು ಅತ್ತಿಮಬ್ಬೆಯ ಆಶ್ರಯವಿತ್ತು. ದಾನಚಿಂತಾಮಣಿಯೆಂದು ಹೆಸರಾದ ಅದೇ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಓದುಗನಿಗೆ ಗ್ರಂಥವು ಉಚಿತವಾಗಿ ದೊರೆತದ್ದು ನಿಜ. ಆದರೆ ಕವಿಯ ಪೋಷಣೆಯನ್ನೂ ಲಿಪಿಕಾರನ ಕೂಲಿಯನ್ನೂ ಮತ್ತೊಬ್ಬರು ಮೊದಲೇ ಭರಿಸಿದ್ದರು.

ಇದೇ ವ್ಯವಸ್ಥೆಯನ್ನು ನಮ್ಮ ಜಿಲ್ಲೆಯಲ್ಲಿ ಇಂದಿಗೂ ಕಣ್ಣಾರೆ ಕಾಣಬಹುದು. ಕಟೀಲು ಮೇಳಗಳ ಹರಕೆಯಾಟದಲ್ಲಿ ಪ್ರೇಕ್ಷಕನು ಹಣ ಕೊಡುವುದಿಲ್ಲ. ಹರಕೆ ಹೊತ್ತ ಸೇವಾಕರ್ತರು ಮೇಳಕ್ಕೆ ವೀಳ್ಯ ಸಲ್ಲಿಸುತ್ತಾರೆ, ಭಾಗವತರಿಂದ ಹಿಡಿದು ನೇಪಥ್ಯದ ಕೆಲಸಗಾರರವರೆಗೆ ಎಲ್ಲರಿಗೂ ಅದರಿಂದ ಸಂಬಳ ಸಲ್ಲುತ್ತದೆ. ಚೌಟ ಅರಸರ ಹಳೆಯ ನೆಲೆಯಾದ ಪುತ್ತಿಗೆಯಲ್ಲಿ, ಪುತ್ತಿಗೆಪದವಿನ ವಿಶಾಲ ಬಯಲಿನಲ್ಲಿ ನಡೆಯುವ ಆಳ್ವಾಸ್ ವಿರಾಸತ್ ಉತ್ಸವದಲ್ಲಿಯೂ ಸಾವಿರಾರು ಜನರು ದೇಶದ ಖ್ಯಾತ ಕಲಾವಿದರನ್ನು ಕಂಡು ಸಂತೋಷಪಡುತ್ತಾರೆ. ಅಲ್ಲಿಯೂ ಕಲಾವಿದನ ಸಂಭಾವನೆಯನ್ನು ಸಂಘಟಕರು ವಹಿಸಿಕೊಂಡಿರುತ್ತಾರೆ. ಇನ್ನೊಂದೆಡೆ ಡೇರೆ ಮೇಳಗಳ ಕಾಲದಲ್ಲಿ ಪ್ರೇಕ್ಷಕನೇ ಟಿಕೇಟು ಕೊಂಡು ಒಳಗೆ ಬರುತ್ತಿದ್ದನು. ಬಯಲಾಟವಾಗಲಿ ಡೇರೆ ಆಟವಾಗಲಿ, ವೇಷಧಾರಿಗೆ ಯಾರಾದರೊಬ್ಬರು ಹಣ ಕೊಡಲೇಬೇಕಾಗಿತ್ತು. ಯಾರೂ ಕೊಡದೆ ಆಟ ನಡೆಯಬೇಕೆಂಬ ಮೂರನೆಯ ಪದ್ಧತಿಯೊಂದು ನಮ್ಮ ಪರಂಪರೆಯಲ್ಲಿ ಇರಲಿಲ್ಲ. ಇಂದು ಪುಸ್ತಕ, ಚಲನಚಿತ್ರ, ತಂತ್ರಾಂಶಗಳಿಗೆ ಅರಸನ ಆಶ್ರಯವಿಲ್ಲ, ಹರಕೆಯ ಸೇವಾಕರ್ತರೂ ಇಲ್ಲ. ಕೊಂಡುಕೊಳ್ಳುವ ಪ್ರತಿಯೊಬ್ಬ ಗ್ರಾಹಕನೇ ಒಬ್ಬ ಸಣ್ಣ ಆಶ್ರಯದಾತನಾಗಿದ್ದಾನೆ.

ಮೂಡುಬಿದಿರೆಯ ತಾಳೆಗರಿಗಳು

ನಕಲಿನ ನೀತಿ-ಅನೀತಿಗಳನ್ನು ಕುರಿತು ಯೋಚಿಸುವವರಿಗೆ ಮೂಡುಬಿದಿರೆಯಲ್ಲಿಯೇ ಒಂದು ಅಪೂರ್ವ ಉದಾಹರಣೆಯಿದೆ. ಇಲ್ಲಿಯ ಗುರುಬಸದಿಯು ಸಿದ್ಧಾಂತ ಬಸದಿಯೆಂದು ಹೆಸರಾದುದು ಧವಲ, ಜಯಧವಲ, ಮಹಾಧವಲ ಎಂಬ ಸಿದ್ಧಾಂತ ಗ್ರಂಥಗಳ ತಾಳೆಯೋಲೆ ಪ್ರತಿಗಳಿಂದ. 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಹಳಗನ್ನಡ ಲಿಪಿಯ ಪ್ರತಿಗಳು ಶತಮಾನಗಳ ಕಾಲ ಇಲ್ಲಿ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಮುಂಬಯಿ ಮತ್ತು ಸೊಲ್ಲಾಪುರದ ಜೈನ ವರ್ತಕರು ಮುಂದೆ ಬಂದು, ಜೀರ್ಣವಾಗುತ್ತಿದ್ದ ಓಲೆಗಳ ಪ್ರತಿ ಮಾಡಿಸುವ ಕಾರ್ಯಕ್ಕೆ ಹಣ ಒದಗಿಸಿದರು. ಪ್ರತಿಗಳು ಊರಿನಿಂದ ಹೊರಗೆ ಹೋಗಬಾರದೆಂಬುದು ಇಲ್ಲಿಯವರ ಅಪೇಕ್ಷೆಯಾಗಿತ್ತು. ಆದರೆ ಪ್ರತಿ ಮಾಡಲು ನಿಯುಕ್ತರಾಗಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರ ಭಾರತದ ಸಹಾರನಪುರವನ್ನು ಸೇರಿತು. ಅಲ್ಲಿ ಅದನ್ನು ನಾಗರಿ ಲಿಪಿಗೆ ಇಳಿಸಿದ ಲಿಪಿಕಾರರೂ ತಮಗಾಗಿ ಮತ್ತೊಂದು ಪ್ರತಿ ಉಳಿಸಿಕೊಂಡರು, ಅದರಿಂದ ಇನ್ನಷ್ಟು ಪ್ರತಿಗಳು ಹುಟ್ಟಿದವು. ಅವುಗಳ ಆಧಾರದಿಂದ ಪ್ರೊ. ಹೀರಾಲಾಲ್ ಜೈನರು 1939ರಲ್ಲಿ ಅಮರಾವತಿಯಿಂದ ಧವಲದ ಮೊದಲ ಸಂಪುಟವನ್ನು ಪ್ರಕಟಿಸಿದರು. ಅನಂತರ ಮೂಡುಬಿದಿರೆಯವರೇ ಉದಾರವಾಗಿ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡಲು ನೆರವಾದರು. 1958ರ ವೇಳೆಗೆ 16 ಸಂಪುಟಗಳು ಪೂರ್ಣಗೊಂಡವು.

ಈ ಪ್ರಸಂಗವನ್ನು ಮುಂದಿಟ್ಟು "ನಕಲಿನಿಂದ ಲೋಕಕ್ಕೆ ಉಪಕಾರವಾಗಲಿಲ್ಲವೇ?" ಎಂದು ಕೇಳಬಹುದು. ಉಪಕಾರವಾದುದು ನಿಜ. ನಂಬಿಕೆಗೆ ಭಂಗ ಬಂದುದೂ ಅಷ್ಟೇ ನಿಜ. ಆದರೆ ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಗ್ರಂಥಕರ್ತರು ಗತಿಸಿ ಸಾವಿರ ವರ್ಷಗಳೇ ಕಳೆದಿದ್ದವು. ಯಾರ ಅನ್ನವೂ ಆ ನಕಲಿನಿಂದ ಕಸಿದುಹೋಗಲಿಲ್ಲ. ಜ್ಞಾನವು ಒಂದಲ್ಲ ಒಂದು ದಿನ ಎಲ್ಲರದಾಗಬೇಕೆಂಬ ಈ ನ್ಯಾಯವನ್ನು ನಮ್ಮ ಕಾನೂನೂ ಒಪ್ಪಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಸಾಹಿತ್ಯ, ಸಂಗೀತ, ನಾಟಕ ಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿ ಹಾಗೂ ಅನಂತರದ 60 ವರ್ಷಗಳಿಗೆ ಮಾತ್ರ ಸೀಮಿತ. ಆ ಬಳಿಕ ಯಾರು ಬೇಕಾದರೂ ಮುದ್ರಿಸಬಹುದು, ಹಾಡಬಹುದು, ಮಾರಬಹುದು. ನಮ್ಮ ನಡುವೆ ಬದುಕಿ ದುಡಿಯುತ್ತಿರುವ ಕೃತಿಕಾರನ ವಿಷಯಕ್ಕೆ ಧವಲದ ದೃಷ್ಟಾಂತವನ್ನು ಅನ್ವಯಿಸುವುದು ಸರಿಯಲ್ಲ.

ಕಾರಂತರ ಯಕ್ಷರಂಗದ ಮೊಕದ್ದಮೆ

ಕೃತಿಸ್ವಾಮ್ಯವೆಂದರೆ ಮಹಾನಗರಗಳ ಚಲನಚಿತ್ರ ಕಂಪನಿಗಳ ವ್ಯವಹಾರ, ಕರಾವಳಿಗೆ ಅದರ ಗೊಡವೆಯಿಲ್ಲ ಎಂದು ಭಾವಿಸುವವರು ಡಾ. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳ ಕುರಿತಾದ ವ್ಯಾಜ್ಯವನ್ನು ನೆನೆಯಬೇಕು. ಕಾರಂತರು ಯಕ್ಷಗಾನಕ್ಕೆ ಹೊಸ ರೂಪವನ್ನು ಕೊಟ್ಟು, ಪ್ರಸಂಗ, ವೇಷಭೂಷಣ, ಹಿನ್ನೆಲೆ, ಕುಣಿತಗಳಲ್ಲಿ ತಮ್ಮದೇ ಆದ ಮಾರ್ಪಾಡುಗಳನ್ನು ಮಾಡಿ ಯಕ್ಷರಂಗವನ್ನು ರೂಪಿಸಿದರು. 1994ರ ಜೂನ್ 18ರಂದು ಬರೆದ ಉಯಿಲಿನಲ್ಲಿ ಅವರು ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟುಕೊಟ್ಟರು. 1997ರ ಡಿಸೆಂಬರ್ 9ರಂದು ಕಾರಂತರು ನಿಧನರಾದರು. 2001ರ ಸೆಪ್ಟೆಂಬರ್‌ನಲ್ಲಿ ಈ ಪ್ರಯೋಗಗಳಲ್ಲೊಂದು ಒಪ್ಪಿಗೆಯಿಲ್ಲದೆ ದೆಹಲಿಯಲ್ಲಿ ಪ್ರದರ್ಶನಗೊಂಡಿತೆಂಬ ಕಾರಣಕ್ಕೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜ್ಯುಕೇಶನ್ ವಿರುದ್ಧ ಮೊಕದ್ದಮೆ ಹೂಡಲಾಯಿತು. ಜಿಲ್ಲಾ ನ್ಯಾಯಾಲಯ ಮತ್ತು ಹೈಕೋರ್ಟುಗಳ ಮೂಲಕ ಸಾಗಿದ ಈ ವ್ಯಾಜ್ಯವನ್ನು 2009ರ ಜನವರಿ 23ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಉಯಿಲಿನ ಮೂಲಕ ಹಕ್ಕು ಮಾಲಿನಿ ಮಲ್ಯ ಅವರಿಗೆ ಬಂದಿದೆಯೆಂಬುದನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಅದರೊಡನೆಯೇ, ಅಧಿನಿಯಮದ 52ನೆಯ ಪ್ರಕರಣದಲ್ಲಿ ಹೇಳಿರುವ ವಿನಾಯಿತಿಗಳು, ಅಂದರೆ ಶಿಕ್ಷಣದ ಭಾಗವಾಗಿ ನಡೆಯುವ ಅಥವಾ ಹವ್ಯಾಸಿಗಳು ಪ್ರೇಕ್ಷಕರಿಂದ ಹಣ ಪಡೆಯದೆ ನಡೆಸುವ ಪ್ರದರ್ಶನಗಳಂಥವು, ಈ ನಿರ್ಬಂಧಕ್ಕೆ ಒಳಪಡುವುದಿಲ್ಲವೆಂದು ಸ್ಪಷ್ಟಪಡಿಸಿತು.

ಈ ತೀರ್ಪಿನಿಂದ ಎರಡು ಸಂಗತಿಗಳು ವಿಶದವಾಗುತ್ತವೆ. ಯಕ್ಷಗಾನವೆಂಬ ಕಲೆ ಎಲ್ಲರಿಗೂ ಸೇರಿದ್ದು, ಅದನ್ನು ಆಡಲು ಯಾರ ಅಪ್ಪಣೆಯೂ ಬೇಡ. ಆದರೆ ಆ ಸಾರ್ವಜನಿಕ ಸಂಪತ್ತಿನಿಂದ ಒಬ್ಬ ವ್ಯಕ್ತಿಯು ತನ್ನ ಪ್ರತಿಭೆಯಿಂದ ರೂಪಿಸಿದ ನಿರ್ದಿಷ್ಟ ಕೃತಿಯು ಅವನದು. ಮಣ್ಣು ಎಲ್ಲರದಾದರೂ ಅದರಿಂದ ಮಾಡಿದ ಹೆಂಚು ಕಾರ್ಖಾನೆಯವನದಾಗಿರುವಂತೆ. ಎರಡನೆಯದಾಗಿ, ಕಾನೂನು ಕಣ್ಣುಮುಚ್ಚಿ ಕೃತಿಕಾರನ ಪರವಾಗಿಯೇ ನಿಂತಿಲ್ಲ. ವಿದ್ಯಾರ್ಥಿಗೆ, ಸಂಶೋಧಕನಿಗೆ, ಹವ್ಯಾಸಿಗೆ ಬೇಕಾದಷ್ಟು ಅವಕಾಶವನ್ನು ಅದು ಉಳಿಸಿಕೊಟ್ಟಿದೆ.

ಮೊದಲ ಪ್ರತಿಯ ಬೆಲೆ

ಕದ್ದ ಅಕ್ಕಿಯ ಮೂಟೆಗೂ ನಕಲು ಮಾಡಿದ ಹಾಡಿಗೂ ಒಂದು ವ್ಯತ್ಯಾಸವಿದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಅಕ್ಕಿಯನ್ನು ಕದ್ದರೆ ಒಡೆಯನ ಉಗ್ರಾಣದಲ್ಲಿ ಒಂದು ಮೂಟೆ ಕಡಿಮೆಯಾಗುತ್ತದೆ. ಹಾಡನ್ನು ನಕಲು ಮಾಡಿದರೆ ಮೂಲವು ಅಲ್ಲಿಯೇ ಉಳಿದಿರುತ್ತದೆ. ಆದುದರಿಂದ ಇದರಲ್ಲಿ ನಷ್ಟವೇನೆಂದು ಕೇಳುವುದು ಸಹಜ. ಉತ್ಪಾದನೆಯ ಅನುಭವವುಳ್ಳವರಿಗೆ ಉತ್ತರವು ಸುಲಭವಾಗಿ ಹೊಳೆಯುತ್ತದೆ. ಅಚ್ಚು ತಯಾರಿಸುವ ಖರ್ಚೇ ಬೇರೆ, ಅಚ್ಚಿನಿಂದ ಒಂದೊಂದು ನಗ ತೆಗೆಯುವ ಖರ್ಚೇ ಬೇರೆ. ಅಚ್ಚಿನ ಖರ್ಚನ್ನು ಸಾವಿರಾರು ನಗಗಳ ಮೇಲೆ ಹಂಚಿ ವಸೂಲು ಮಾಡಿಕೊಳ್ಳುತ್ತೇವೆ. ಪುಸ್ತಕ, ಚಲನಚಿತ್ರ, ತಂತ್ರಾಂಶಗಳಲ್ಲಿ ಬಹುಪಾಲು ಎಲ್ಲ ಖರ್ಚೂ ಮೊದಲ ಪ್ರತಿಯಲ್ಲೇ ಇರುತ್ತದೆ. ಎರಡನೆಯ ಪ್ರತಿಗೆ ಬೆಲೆಯಿಲ್ಲವೆಂದು ಎಲ್ಲರೂ ಅದನ್ನು ಪುಕ್ಕಟೆ ಪಡೆದರೆ ಮೊದಲ ಪ್ರತಿಯ ಸಾಲವನ್ನು ತೀರಿಸುವವರು ಯಾರು?

ಸಣ್ಣ ಭಾಷೆಗಳಲ್ಲಿ ಈ ಹೊರೆ ಇನ್ನೂ ಭಾರವಾದುದು. 1971ರಲ್ಲಿ 'ಎನ್ನ ತಂಗಡಿ'ಯಿಂದ ಆರಂಭಗೊಂಡ ತುಳು ಚಲನಚಿತ್ರದ ಮಾರುಕಟ್ಟೆ ಮುಖ್ಯವಾಗಿ ಕರಾವಳಿಯ ಎರಡು ಜಿಲ್ಲೆಗಳು, ಕಾಸರಗೋಡು ಮತ್ತು ಹೊರಗಿರುವ ತುಳುವರಿಗೆ ಸೀಮಿತವಾದುದು. ಹಿಂದಿ ಚಿತ್ರದ ನಿರ್ಮಾಪಕನಿಗೆ ನಕಲಿನಿಂದ ಲಾಭ ಕಡಿಮೆಯಾಗಬಹುದು. ತುಳು ಚಿತ್ರದ ನಿರ್ಮಾಪಕನಿಗಾದರೋ ಹಾಕಿದ ಬಂಡವಾಳವೇ ಮುಳುಗಬಹುದು, ಅವನು ಎರಡನೆಯ ಚಿತ್ರವನ್ನು ಮಾಡದಿರಬಹುದು. ಕನ್ನಡ ಪುಸ್ತಕ ಪ್ರಕಾಶಕರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಹಿಂದೆ ಖಾಲಿ ಕ್ಯಾಸೆಟ್ಟಿನ ಬೆಲೆಗೆ ತಾಳಮದ್ದಳೆಯ ನಕಲು ತುಂಬಿಸಿ ಕೊಡುತ್ತಿದ್ದ ಅಂಗಡಿಗಳಿದ್ದವು. ಅನಂತರ ಎಂಪಿ3 ಸಿ.ಡಿ.ಗಳು, ಮೆಮೊರಿ ಕಾರ್ಡುಗಳು ಬಂದವು. ಈಗ ಒಂದು ಪುಸ್ತಕದ ಪಿಡಿಎಫ್ ವಾಟ್ಸಾಪ್ ಮೂಲಕ ಒಂದೇ ಸಂಜೆಯಲ್ಲಿ ಮುದ್ರಿತ ಪ್ರತಿಗಳ ಸಂಖ್ಯೆಗಿಂತ ಹೆಚ್ಚು ಜನರನ್ನು ತಲುಪಬಲ್ಲದು. ವೇಗವು ಬದಲಾಗಿದೆಯೇ ವಿನಾ ಪ್ರಶ್ನೆ ಬದಲಾಗಿಲ್ಲ.

ಕೊಡುವವನ ಇಷ್ಟ

"ಕೊಟ್ಟು ಹಂಚುವ ಕೃತಿಕಾರರೂ ಇದ್ದಾರಲ್ಲ?" ಎಂಬುದು ಇನ್ನೊಂದು ಪ್ರಶ್ನೆ. ಖಂಡಿತವಾಗಿಯೂ ಇದ್ದಾರೆ, ನಮ್ಮ ನೆರೆಯಲ್ಲಿಯೇ ಇದ್ದಾರೆ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಸಾರ್ವಜನಿಕರ ಉಪಯೋಗಕ್ಕೆ ಮುಕ್ತವಾಗಿ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರವು ಅಂಗೀಕರಿಸಿದ ಕೀಲಿಮಣೆಗೆ ಅದೇ ಆಧಾರವಾಯಿತು. ಇಂದು ನಮ್ಮ ಅಂಗಡಿಗಳಲ್ಲಿ ಕನ್ನಡದ ಪತ್ರಗಳನ್ನು ಬೆರಳಚ್ಚಿಸುವವರಲ್ಲಿ ಅನೇಕರು ಅವರಿಗೆ ಋಣಿಗಳು. ಶೇಷಾದ್ರಿ ವಾಸು ಅವರು 1998ರಲ್ಲಿ 'ಬರಹ' ತಂತ್ರಾಂಶವನ್ನು ಉಚಿತವಾಗಿ ಒದಗಿಸಿದರು, ನಂತರದ ಆವೃತ್ತಿಗಳಿಗೆ ಬೆಲೆಯಿಟ್ಟರು. ಎರಡೂ ಅವರ ಅಧಿಕಾರದಲ್ಲಿದ್ದ ನಿರ್ಣಯಗಳೇ. ಊರಿನ ದೇವಸ್ಥಾನದ ಅನ್ನಸಂತರ್ಪಣೆಗೆ ವರ್ತಕನು ಹತ್ತು ಮೂಟೆ ಅಕ್ಕಿಯನ್ನು ಸಂತೋಷದಿಂದ ಕೊಟ್ಟನೆಂದ ಮಾತ್ರಕ್ಕೆ ಅವನ ಅಂಗಡಿಯಿಂದ ಯಾರು ಬೇಕಾದರೂ ಅಕ್ಕಿಯನ್ನು ಎತ್ತಿಕೊಂಡು ಹೋಗಬಹುದೆಂದು ಅರ್ಥವಲ್ಲ. ದಾನವು ದಾನವಾಗುವುದು ಕೊಡುವವನ ಇಚ್ಛೆಯಿಂದ.

ಬೆಲೆ ದುಬಾರಿಯಾದುದರಿಂದ ನಕಲು ಅನಿವಾರ್ಯವೆಂಬ ವಾದದಲ್ಲಿಯೂ ಸ್ವಲ್ಪ ಹುರುಳಿದೆ. ಸಣ್ಣ ಉದ್ದಿಮೆಗೆ ಕೆಲವು ವಿದೇಶೀ ತಂತ್ರಾಂಶಗಳ ಬೆಲೆ ನಿಲುಕದ್ದೆಂಬುದು ಸುಳ್ಳಲ್ಲ. ಅಂಥ ಸಂದರ್ಭದಲ್ಲಿ ವರ್ತಕನ ಮುಂದಿರುವ ನ್ಯಾಯಯುತ ಮಾರ್ಗ ಬೇರೆ ಸರಕನ್ನು ಹುಡುಕುವುದು. ಲಿನಕ್ಸ್, ಲಿಬ್ರೆ ಆಫೀಸ್‌ಗಳಂಥ ಮುಕ್ತ ತಂತ್ರಾಂಶಗಳು ಹಣವಿಲ್ಲದೆ ಕಾನೂನುಬದ್ಧವಾಗಿಯೇ ದೊರೆಯುತ್ತವೆ. ಬೆಲೆ ಹೆಚ್ಚೆಂದು ನಮ್ಮ ಗಿರಾಕಿ ಚೌಕಾಸಿ ಮಾಡಲಿ, ಬೇರೆ ಅಂಗಡಿಗೆ ಹೋಗಲಿ. ಅದನ್ನು ನಾವು ತಪ್ಪೆನ್ನುವುದಿಲ್ಲ. ಹಣ ಕೊಡದೆ ಸರಕನ್ನು ಒಯ್ದರೆ ಮಾತ್ರ ತಪ್ಪೆನ್ನುತ್ತೇವೆ. ನಾವು ಗಿರಾಕಿಗಳಾಗಿರುವಲ್ಲಿಯೂ ಇದೇ ಮಾತು ಸಲ್ಲುತ್ತದೆ.

ನಮ್ಮ ದೇಶದ ಸಣ್ಣ ವರ್ತಕರು ಹೆಚ್ಚಾಗಿ ಬಳಸುವ ಟ್ಯಾಲಿ ತಂತ್ರಾಂಶದ ಹುಟ್ಟನ್ನೂ ಇಲ್ಲಿ ನೆನೆಯಬಹುದು. ಯಂತ್ರಗಳ ಬಿಡಿಭಾಗಗಳನ್ನು ಪೂರೈಸುತ್ತಿದ್ದ ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕವಿಡಲು ತಕ್ಕ ತಂತ್ರಾಂಶ ಸಿಗದಿದ್ದಾಗ, ಅವರ ಮಗ ಭರತ್ ಗೋಯೆಂಕಾ ಅದನ್ನು ತಾವೇ ಸಿದ್ಧಪಡಿಸಿದರು. 1986ರಲ್ಲಿ ಸಂಸ್ಥೆಯು ಆರಂಭವಾಯಿತು. ವರ್ತಕನ ಖಾತೆಪುಸ್ತಕದ ತೊಂದರೆಯಿಂದಲೇ ಹುಟ್ಟಿದ ವಸ್ತುವನ್ನು ವರ್ತಕರೇ ಕದ್ದು ಬಳಸುವುದು ಶೋಭೆ ತರುವ ವಿಷಯವಲ್ಲ.

ಕಾನೂನು ಏನು ಹೇಳುತ್ತದೆ?

ಸದಸ್ಯರ ಅವಗಾಹನೆಗಾಗಿ ಕೆಲವು ಮುಖ್ಯ ಅಂಶಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

1. ತಂತ್ರಾಂಶವು ನಕಲೆಂದು ತಿಳಿದೂ ಗಣಕಯಂತ್ರದಲ್ಲಿ ಬಳಸಿದರೆ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದ ಪ್ರಕಾರ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಉದ್ದೇಶವಿಲ್ಲದೆ ಬಳಸಿದವನಿಗೆ ಸೆರೆವಾಸದಿಂದ ವಿನಾಯಿತಿ ಕೊಡಲು ನ್ಯಾಯಾಲಯಕ್ಕೆ ಅವಕಾಶವಿದೆ. ವ್ಯಾಪಾರಕ್ಕಾಗಿ ಬಳಸಿದ ನಮ್ಮಂಥವರಿಗೆ ಆ ರಿಯಾಯಿತಿಯಿಲ್ಲ.

2. ಅಂಗಡಿ, ಹೋಟೆಲುಗಳಲ್ಲಿ ಗಿರಾಕಿಗಳಿಗೆ ಕೇಳುವಂತೆ ಧ್ವನಿಮುದ್ರಿತ ಹಾಡುಗಳನ್ನು ನುಡಿಸುವುದು ಸಾರ್ವಜನಿಕ ಪ್ರಸಾರವೆನಿಸುತ್ತದೆ. ಅದಕ್ಕೆ ಹಕ್ಕುದಾರರ ಪರವಾನಗಿ ಬೇಕು. ಧಾರ್ಮಿಕ ಸಮಾರಂಭ, ವಿವಾಹ ಮತ್ತು ಅದರ ಮೆರವಣಿಗೆಗಳಿಗೆ ಕಾನೂನೇ ವಿನಾಯಿತಿ ಕೊಟ್ಟಿದೆ.

3. ಗೀತರಚನಕಾರರೂ ಸಂಗೀತ ನಿರ್ದೇಶಕರೂ ಒಂದೇ ಬಾರಿಗೆ ಎಲ್ಲ ಹಕ್ಕುಗಳನ್ನು ಬರೆದುಕೊಟ್ಟು ಮುಂದಿನ ಆದಾಯದಿಂದ ವಂಚಿತರಾಗುತ್ತಿದ್ದುದನ್ನು ತಡೆಯಲು 2012ರಲ್ಲಿ ಅಧಿನಿಯಮಕ್ಕೆ ತಿದ್ದುಪಡಿ ತರಲಾಯಿತು. ಚಿತ್ರಮಂದಿರದ ಹೊರಗೆ ಅವರ ಕೃತಿ ಬಳಕೆಯಾದಾಗ ಗೌರವಧನದಲ್ಲಿ ಅವರಿಗೆ ಸಮಪಾಲು ಸಲ್ಲಬೇಕಾಗಿದೆ.

4. ಚಲನಚಿತ್ರಗಳನ್ನು ಕದ್ದು ಚಿತ್ರೀಕರಿಸುವವರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಅಧಿನಿಯಮವು 3 ತಿಂಗಳುಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ, 3 ಲಕ್ಷ ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವನ್ನೂ ವಿಧಿಸಿದೆ. ಗೂಂಡಾ ಕಾಯ್ದೆಯೆಂದು ರೂಢಿಯಲ್ಲಿರುವ ಕರ್ನಾಟಕದ 1985ರ ಅಧಿನಿಯಮಕ್ಕೂ 2014ರ ತಿದ್ದುಪಡಿಯಿಂದ ಡಿಜಿಟಲ್ ಅಪರಾಧಿಗಳನ್ನು ಸೇರಿಸಲಾಗಿದೆ.

5. ಸಂಬಳದ ನೌಕರನು ಕೆಲಸದ ಭಾಗವಾಗಿ ರಚಿಸಿದ್ದು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾಲೀಕನಿಗೆ ಸೇರುತ್ತದೆ. ಆದರೆ ಹೊರಗಿನ ಕಲಾವಿದನಿಂದ ಚೀಟಿಯನ್ನೋ ಲಾಂಛನವನ್ನೋ ಬರೆಯಿಸಿಕೊಂಡರೆ ಹಣ ಕೊಟ್ಟ ಮಾತ್ರಕ್ಕೆ ಹಕ್ಕು ನಮ್ಮದಾಯಿತೆಂದು ಭಾವಿಸಬಾರದು. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಗಳಿಗೆ ಮಾತ್ರವೆಂದು ಕಾನೂನು ಪರಿಗಣಿಸುತ್ತದೆ. ಆದುದರಿಂದ ಮುದ್ರಣಾಲಯದ ಬಿಲ್ಲಿನೊಡನೆ ಒಂದು ಪುಟದ ಒಪ್ಪಂದವನ್ನೂ ಇಟ್ಟುಕೊಳ್ಳುವುದು ಕ್ಷೇಮಕರ.

ಕಣ್ಣಿಗೆ ಕಾಣದ ಆಸ್ತಿ

ಕಾಗದದ ಮೇಲಿನ ಚಿತ್ರಕ್ಕೂ ಹೆಸರಿಗೂ ಇಷ್ಟೊಂದು ಮಹತ್ವವೇಕೆ ಎನ್ನುವವರಿಗೆ ಮಂಗಳೂರು ಗಣೇಶ್ ಬೀಡಿ ವರ್ಕ್ಸ್‌ನ ಉದಾಹರಣೆ ಸಾಕು. 1940ರಲ್ಲಿ ಪಾಲುದಾರಿಕೆಯಾಗಿ ಆರಂಭಗೊಂಡ ಈ ಉದ್ಯಮವು 1987ರಲ್ಲಿ ವಿಸರ್ಜನೆಗೊಂಡಿತು. ನ್ಯಾಯಾಲಯದ ಆದೇಶದಂತೆ 1994ರಲ್ಲಿ ನಡೆಯುತ್ತಿರುವ ಉದ್ಯಮವಾಗಿಯೇ ಪಾಲುದಾರರ ನಡುವೆ ಮಾರಾಟಕ್ಕೆ ಬಂದಾಗ 92 ಕೋಟಿ ರೂಪಾಯಿಗಳ ಬೆಲೆಗೆ ಹೋಯಿತು. ಆ ಮೊತ್ತದಲ್ಲಿ ವ್ಯಾಪಾರಚಿಹ್ನೆ, ಕೃತಿಸ್ವಾಮ್ಯ, ತಾಂತ್ರಿಕ ಜ್ಞಾನಗಳ ಮೌಲ್ಯವೂ ಸೇರಿತ್ತು. ಆದಾಯ ತೆರಿಗೆಯ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, 2015ರ ತೀರ್ಪಿನಲ್ಲಿ ನ್ಯಾಯಾಲಯವು ಇಂಥ ಬೌದ್ಧಿಕ ಸ್ವತ್ತುಗಳನ್ನು ಉದ್ಯಮದ ಸ್ಥಾವರ ಸಲಕರಣೆಗಳಂತೆಯೇ ಪರಿಗಣಿಸಿ ಸವಕಳಿಗೆ ಅರ್ಹವೆಂದು ಒಪ್ಪಿತು. ಬೀಡಿಯ ಎಲೆ, ಹೊಗೆಸೊಪ್ಪುಗಳನ್ನು ಯಾರು ಬೇಕಾದರೂ ಕೊಳ್ಳಬಹುದು. ಆ ಹೆಸರನ್ನು, ಆ ಚೀಟಿಯನ್ನು ಇನ್ನೊಬ್ಬನು ಬಳಸಬಾರದೆಂಬ ನಂಬಿಕೆಯಿಂದಲೇ ಅದಕ್ಕೆ ಬೆಲೆ ಬಂದಿತು.

ಆ ನಂಬಿಕೆಯು ನಮ್ಮ ಸರಕಿಗೆ ಮಾತ್ರ ಬೇಕು, ಸಾಹಿತಿಯ, ಗಾಯಕನ, ತಂತ್ರಜ್ಞನ ಸರಕಿಗೆ ಬೇಡವೆಂದರೆ ಅದು ಬಹುಕಾಲ ಉಳಿಯಲಾರದು. ಕೊಳ್ಳುವಾಗ ಒಂದು ಸೇರು, ಕೊಡುವಾಗ ಇನ್ನೊಂದು ಸೇರು ಇಟ್ಟುಕೊಳ್ಳುವ ಅಂಗಡಿಯವನನ್ನು ಊರು ಬಹುಬೇಗ ಗುರುತಿಸುತ್ತದೆ. ನಮ್ಮ ಸದಸ್ಯರು ತಮ್ಮ ಕಚೇರಿಯ ಪ್ರತಿಯೊಂದು ಗಣಕಯಂತ್ರದಲ್ಲಿರುವ ತಂತ್ರಾಂಶಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಪರವಾನಗಿಯಿಲ್ಲದವುಗಳನ್ನು ಕೊಂಡುಕೊಳ್ಳುವುದೋ ಅಥವಾ ಅವುಗಳ ಬದಲಿಗೆ ಮುಕ್ತ ತಂತ್ರಾಂಶವನ್ನು ಅಳವಡಿಸುವುದೋ ಎಂಬುದನ್ನು ಈ ಆರ್ಥಿಕ ವರ್ಷದ ಲೆಕ್ಕ ಮುಗಿಯುವ ಮೊದಲು ನಿಶ್ಚಯಿಸುವುದು ಒಳ್ಳೆಯದು. ಹಬ್ಬದ ಉಡುಗೊರೆಯಾಗಿ ಸಿಬ್ಬಂದಿಗೆ ಕೊಡುವ ವಸ್ತುಗಳಲ್ಲಿ ಒಂದೆರಡು ಕನ್ನಡ ಪುಸ್ತಕಗಳೂ ಸೇರಲಿ. ತುಳು ಚಿತ್ರವೊಂದು ಬಿಡುಗಡೆಯಾದಾಗ ಮೊಬೈಲಿಗೆ ನಕಲು ಬರುವವರೆಗೆ ಕಾಯದೆ ಟಿಕೇಟು ಕೊಂಡು ನೋಡೋಣ. ಇವುಗಳ ಒಟ್ಟು ಖರ್ಚು ನಮ್ಮ ವ್ಯವಹಾರದ ಗಾತ್ರಕ್ಕೆ ಹೋಲಿಸಿದರೆ ಅತ್ಯಲ್ಪ. ಕೃತಿಕಾರನ ಮನೆಯ ಲೆಕ್ಕದಲ್ಲಿ ಮಾತ್ರ ಅದು ಅಲ್ಪವಲ್ಲ.